ಕೋತರಿಗೆ ಮೂರು ಕಣ್ಣು

2005 ಫೆಬ್ರುವರಿ 12, ವಡೋದರಾದ ಮಂಜಲ್‌ಪುರ

ಇವತ್ತು ಆಫೀಸಿನಲ್ಲಿ ನನ್ನ ಪಾಲಿಗೆ ಒಂದು ನೀರಿಲ್ಲದ ಹೊಳೆ ಬಂತು. ಫೈಲಿನ ಮೇಲೆ ‘ಖೋಡಿಯಾರ್‌ಪುರಾ ಕೋತರ್, ಅಡ್ಡಮೋರಿ’ ಎಂದಿದೆ. ಕೋತರ್ ಎಂದರೆ ಮಹಿ ನದಿಯ ಕಡೆಗೆ ಇಳಿಯುವ ಕೊರಕಲು ಹಳ್ಳ. ವರ್ಷಕ್ಕೆ ಹತ್ತು ದಿನ ಅದರಲ್ಲಿ ನೀರು, ಉಳಿದ ದಿನ ಮೇಕೆಗಳು. ಅಹಮದಾಬಾದಿನ ಒಬ್ಬ ಶೇಠರು ತಮ್ಮ ಹೊಸ ಗೋದಾಮಿಗೆ ಹೋಗಲು ಆ ಹಳ್ಳಕ್ಕೆ ಅಡ್ಡಲಾಗಿ ಮಣ್ಣು ತುಂಬಿ ಎತ್ತರದ ರಸ್ತೆ ಮಾಡುತ್ತಿದ್ದಾರೆ. ರಸ್ತೆಯ ಕೆಳಗೆ ನೀರಿಗೆ ಎಷ್ಟು ದೊಡ್ಡ ಬಾಯಿ ಬಿಡಬೇಕೆಂದು ನಮ್ಮ ಕಂಪನಿ ಹೇಳಬೇಕು.

ಹೇಳಿಯೂ ಆಗಿದೆ. ನಮ್ಮ ಮುಖ್ಯಸ್ಥ ವೈಷ್ಣವ್ ಸಾಹೇಬರು ಸೆಕೆಂಡಿಗೆ ಇಪ್ಪತ್ತನಾಲ್ಕು ಘನ ಮೀಟರ್ ನೀರು, ಸಿಮೆಂಟಿನ ಎಂಟು ಹ್ಯೂಮ್ ಪೈಪು ಎಂದು ಬರೆದುಬಿಟ್ಟಿದ್ದಾರೆ. ಕಪ್ಪು ಮಣ್ಣು ನೂರು ಹನಿ ಬಿದ್ದರೆ ಮೂವತ್ತನ್ನು ಮಾತ್ರ ಹರಿಯಬಿಡುತ್ತದೆ ಎಂಬುದು ಅವರ ಮೂವತ್ತು ವರ್ಷದ ನಂಬಿಕೆ. ನನ್ನ ಕೆಲಸ ಅದನ್ನು ಅಂದವಾಗಿ ಟೈಪು ಮಾಡುವುದು. ನಾನು ದಾವಣಗೆರೆಯವಳು ಸ್ವಾಮಿ, ಎರೆಮಣ್ಣಿನ ಗುಣ ನನಗೆ ಹೇಳಿಕೊಡಬೇಡಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಒಣಗಿದಾಗ ಅದು ಬಿರುಕು ಬಿಟ್ಟು ಕೊಡಗಟ್ಟಲೆ ನೀರು ಕುಡಿಯುತ್ತದೆ. ನೆನೆದ ಮೇಲೆ ಬಾಯಿ ಮುಚ್ಚಿದರೆ ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ. ಆದರೆ ನಾನು ಅಂದದ್ದು ಇಷ್ಟೇ: ಸರ್, ಒಮ್ಮೆ ಹೋಗಿ ನೋಡಿ ಬರಲೇ?

ಅಲ್ಲಿ ನೋಡುವುದಕ್ಕೇನಿದೆ, ಆ ಹಳ್ಳದಲ್ಲಿ ಯಾರೂ ಯಾವತ್ತೂ ಅಳತೆಪಟ್ಟಿ ನೆಟ್ಟಿಲ್ಲ, ಮೇಕೆಗಳನ್ನು ಕೇಳುತ್ತೀಯಾ ಎಂದರು ಸಾಹೇಬರು. ಡ್ರಾಯಿಂಗ್ ವಿಭಾಗದಲ್ಲಿ ನಗು.

ಇಂದು ನಕ್ಕವರು: ನಾಲ್ಕು.

ಫೆಬ್ರುವರಿ 20, ಭಾನುವಾರ

ರಜಾದಿನ ಹೋಗಿ ಬಂದೆ. ನೆಲದ ಎತ್ತರ ತಗ್ಗು ಅಳೆಯುವ ಆಫೀಸಿನ ಲೆವೆಲ್ ಯಂತ್ರವನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿದ್ದೆ. ಬಸ್ಸಿಳಿದು ನಾಲ್ಕು ಕಿಲೋಮೀಟರ್ ನಡೆದು ಭುಜ ಕಿತ್ತುಹೋಗಿದೆ.

ರಸ್ತೆ ಬರುವ ಜಾಗದ ಮೇಲ್ಗಡೆ, ಹಳ್ಳದ ದಂಡೆಯಲ್ಲೇ, ಒಂದು ಕೇರಿ ಇದೆ. ನಲವತ್ತೊಂದು ಮನೆ. ಸಾಹೇಬರ ಫೈಲಿನಲ್ಲಿ ಇದರ ಸುದ್ದಿಯೇ ಇಲ್ಲ. ಬಾಯಿ ಚಿಕ್ಕದಾದರೆ ರಸ್ತೆ ಅಣೆಕಟ್ಟಾಗುತ್ತದೆ, ನೀರು ಹಿಂದಕ್ಕೆ ನಿಲ್ಲುತ್ತದೆ, ನಿಲ್ಲುವುದು ಈ ನಲವತ್ತೊಂದು ಮನೆಗಳ ಒಳಗೆ. ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಕೇರಿಯ ಹಾಲಿನ ಸಹಕಾರ ಮಂಡಳಿ ನೋಡಿಕೊಳ್ಳುವ ಮೀರಾಬೇನ್ ಸಿಕ್ಕರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನನ್ನ ಹರಕು ಗುಜರಾತಿಯಲ್ಲಿ ಕೇಳಿದರೆ ಕೈ ಹಿಡಿದು ಮಂಡಳಿಯ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ಕೆಂಪು ಬಣ್ಣದ ಗೆರೆ, ಪಕ್ಕದಲ್ಲಿ ಬರಹ: ಸಂವತ್ 2053, ಶ್ರಾವಣ ವದ 7. ಅವರೇ ಬರೆದದ್ದಂತೆ. ಎಷ್ಟು ವರ್ಷದ ಹಿಂದೆ ಎಂದರೆ ‘ಎಂಟೋ ಹತ್ತೋ’ ಎಂದರು. ಅದು ಶೀತಲಾ ಸಾತಮ್ ದಿನ, ನಮ್ಮ ಲೆಕ್ಕದಲ್ಲಿ ಶ್ರಾವಣ ಬಹುಳ ಸಪ್ತಮಿ. ಅವತ್ತು ಈ ಕಡೆ ಒಲೆ ಹಚ್ಚುವುದಿಲ್ಲ, ಹಿಂದಿನ ದಿನ ಮಾಡಿಟ್ಟದ್ದನ್ನೇ ತಣ್ಣಗೆ ತಿನ್ನುತ್ತಾರೆ. ಕೆಳಗಿನ ಮನೆಗಳಿಗೆ ನೀರು ನುಗ್ಗಿದರೂ ಅಡಿಗೆ ಮಾಡಿಟ್ಟದ್ದರಿಂದ ಯಾರೂ ಉಪವಾಸ ಬೀಳಲಿಲ್ಲ ಎಂದು ಹೇಳಿ ಮೊದಲ ಸಲ ನಕ್ಕರು.

ನನಗೆ ಕುಣಿಯುವಷ್ಟು ಖುಷಿ. ಅಳತೆಪಟ್ಟಿ ಇಲ್ಲವೆಂದವರು ಯಾರು? ಈ ಹೆಂಗಸು ಬಣ್ಣ ಹಚ್ಚಿ ಇಟ್ಟಿದ್ದಾರೆ. ಗೆರೆಯ ಎತ್ತರ, ಹಳ್ಳದ ಅಗಲ, ಇಳಿಜಾರು, ಎಲ್ಲ ಅಳೆದೆ. ಮೀರಾಬೇನ್ ಬಿಸಿಲಲ್ಲಿ ಮೂರು ಗಂಟೆ ಅಳತೆಯ ಕೋಲು ಹಿಡಿದು ನಿಂತರು, ಒಂದು ಸಲವೂ ಅಲುಗಾಡಲಿಲ್ಲ. ನಮ್ಮ ಆಫೀಸಿನವರು ಯಾರೂ ಅಷ್ಟು ನೆಟ್ಟಗೆ ಹಿಡಿಯುವುದಿಲ್ಲ.

ಇಂದು ನಕ್ಕವರು: ಒಬ್ಬರು. ಅದು ಲೆಕ್ಕಕ್ಕಿಲ್ಲ.

ಮಾರ್ಚ್ 4

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಕೆಂಪು ಗೆರೆಯ ಪ್ರಕಾರ ಅವತ್ತು ಕೋತರಿನಲ್ಲಿ ಸೆಕೆಂಡಿಗೆ ಎಪ್ಪತ್ತು ಘನ ಮೀಟರ್ ಹರಿದಿದೆ. ಸಾಹೇಬರ ಲೆಕ್ಕಕ್ಕಿಂತ ಹತ್ತಿರಹತ್ತಿರ ಮೂರು ಪಟ್ಟು. ಹಳ್ಳಕ್ಕೆ ನೀರು ಬರುವ ನೆಲ ಆರು ಚದರ ಕಿಲೋಮೀಟರ್. ಹರಿದ ಒಟ್ಟು ನೀರನ್ನು ಆ ನೆಲದ ಮೇಲೆಲ್ಲ ಸಮನಾಗಿ ಹರಡಿದರೆ ಎಪ್ಪತ್ತಮೂರು ಮಿಲಿಮೀಟರ್ ಆಗುತ್ತದೆ. ಇನ್ನು ಅವತ್ತು ಬಿದ್ದ ಮಳೆ ಎಷ್ಟೆಂದು ನೋಡಬೇಕು, ನೋಡಿದರೆ ನೆಲ ಎಷ್ಟು ಕುಡಿಯಿತು ಎಂದು ತಿಳಿಯುತ್ತದೆ. ಗೋಡೆಯ ಮೇಲಿನ ಸಂವತ್ ಎಂದರೆ ವಿಕ್ರಮ ಶಕೆ; ಊರಿನಿಂದ ತಂದ ಪಂಚಾಂಗದಲ್ಲಿ ಅದೂ ಅಚ್ಚಾಗಿರುತ್ತದಲ್ಲ, ಅದರಿಂದ ಹಿಂದಕ್ಕೆ ಎಣಿಸಿ 2053ರ ಶ್ರಾವಣ ಎಂದರೆ 1996 ಎಂದು ತೆಗೆದೆ. ತಾಲೂಕು ಕಚೇರಿಯ ಮಳೆ ದಾಖಲೆಯಲ್ಲಿ ಆ ದಿನ ನಲವತ್ತೆಂಟು ಮಿಲಿಮೀಟರ್.

ಬಿದ್ದದ್ದು ನಲವತ್ತೆಂಟು, ಹರಿದದ್ದು ಎಪ್ಪತ್ತಮೂರು.

ಮೀಟಿಂಗಿನಲ್ಲಿ ವೈಷ್ಣವ್ ಸಾಹೇಬರು ಕನ್ನಡಕ ಮೇಲೆತ್ತಿ, ಹೆಚ್ಚಿಗೆಯ ನೀರನ್ನು ದಾವಣಗೆರೆಯಿಂದ ತರಿಸಿದೆಯಾ ಎಂದು ಕೇಳಿದರು. ಎಲ್ಲರೂ ನಕ್ಕರು. ಚಹಾ ತಂದವನೂ ನಕ್ಕ. ಮುಖ ಬೆಂಕಿಯಾಗಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಹಳ್ಳಿಯವರು ಗೆರೆಯನ್ನು ಎಲ್ಲೆಂದರಲ್ಲಿ ಎಳೆದಿರಬೇಕು ಸರ್, ಅದನ್ನು ನಂಬುವ ಹಾಗಿಲ್ಲ.

ಸಾಹೇಬರು ತಲೆಯಾಡಿಸಿ ಫೈಲಿನಲ್ಲಿ ಹಾಗೆಯೇ ಬರೆಸಿದರು. ಎಂಟು ಪೈಪು ಖಾಯಂ.

ಇಂದು ನಕ್ಕವರು: ಹನ್ನೊಂದು.

ಮಾರ್ಚ್ 11

ಎಂಟು ಪೈಪಿನ ಡ್ರಾಯಿಂಗ್ ಮುಗಿಸಿ ಕೊಟ್ಟೆ. ಅಕ್ಷರ ಚೆನ್ನಾಗಿದೆ ಎಂದರು. ಹಾಳಾಗಿ ಹೋಗಲಿ.

ಮಾರ್ಚ್ 26

ಬಣ್ಣದ ಹಬ್ಬ. ಕೆಳಗೆಲ್ಲ ಗದ್ದಲ. ನಾನು ಬಾಗಿಲು ಹಾಕಿಕೊಂಡು ಕುಳಿತಿದ್ದೆ. ನನ್ನ ಜೊತೆ ಮನೆ ಹಂಚಿಕೊಂಡಿರುವ ಕಾಮಾಕ್ಷಿ ಮೈಸೂರಿನವಳು, ಮಕರಪುರಾದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದಾಳೆ. ಹಸಿರು ಕೂದಲು ಹೊತ್ತು ಬಂದು, ಮೂರು ವಾರದಿಂದ ನೀನು ಸರಿಯಾಗಿ ಜಗಳವನ್ನೂ ಆಡುತ್ತಿಲ್ಲ, ಏನಾಗಿದೆ ಎಂದು ಕೇಳಿದಳು. ಕೋತರಿನ ವಿಷಯ ಹೇಳಿದೆ. ಆ ಮೀರಾಬೇನಿಗೆ ಸುಳ್ಳು ಗೆರೆ ಎಳೆದು ಆಗಬೇಕಾದದ್ದೇನು ಎಂದಳು. ರಸ್ತೆಯ ಮಾತೇ ಇಲ್ಲದ ಕಾಲದಲ್ಲಿ ಎಳೆದ ಗೆರೆಯಲ್ಲವೇ ಅದು ಎಂದೂ ಕೇಳಿದಳು.

ಒಗೆಯುವ ಬಟ್ಟೆ ಇದೆ ಎಂದು ಎದ್ದು ಹೋದೆ.

ಏಪ್ರಿಲ್ 9, ಯುಗಾದಿ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗೆ ಬಂದರೆ ಬರಲಿ.

ಬೆಳಿಗ್ಗೆ ಬೇವು ಬೆಲ್ಲ ಮಾಡಿ, ಕಾಮಾಕ್ಷಿ ಹೂರಣ ರುಬ್ಬಿ, ನಾನು ಹೋಳಿಗೆ ತಟ್ಟಿ, ಅರ್ಧ ಹರಿದು, ಅರ್ಧ ಸುಟ್ಟು, ಅಂತೂ ಎಂಟು ಹೋಳಿಗೆ ಇನ್ನೊಬ್ಬರಿಗೆ ಕೊಡುವ ಸ್ಥಿತಿಯಲ್ಲಿ ಉಳಿದವು. ನಾಲ್ಕನ್ನು ತಟ್ಟೆಗೆ ಹಾಕಿಕೊಂಡು ಕೆಳಗಿನ ಮನೆಯ ಯಜಮಾನಿ ಶಾರದಾಬೇನಿಗೆ ಕೊಡಲು ಹೋದೆವು. ಇವತ್ತು ನಮ್ಮ ಹೊಸ ವರ್ಷ ಎಂದು ಹೇಳಿದೆ. ಅವರು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡು, ತುಪ್ಪ ಸಾಲದು ಎಂಬಂತೆ ಮುಖ ಮಾಡಿ ಅಂದರು:

“ವರ್ಷದ ನಟ್ಟನಡುವೆ ಎಲ್ಲಿಯ ಹೊಸ ವರ್ಷ? ನಮ್ಮ ಸಂವತ್ ಬದಲಾಗೋದು ದೀಪಾವಳಿ ಮಾರನೇ ದಿನ.”

ನಾನು ತಟ್ಟೆಯನ್ನು ಅವರ ಕೈಗೆ ಕೊಟ್ಟೆನೋ ನೆಲಕ್ಕೆ ಇಟ್ಟೆನೋ ನೆನಪಿಲ್ಲ. ಮೆಟ್ಟಿಲು ಎರಡೆರಡು ಹತ್ತಿ ಮೇಲೆ ಬಂದೆ.

ನನ್ನ ಪಂಚಾಂಗದ ವರ್ಷ ಯುಗಾದಿಗೆ ಹುಟ್ಟುತ್ತದೆ. ಆ ಲೆಕ್ಕದಲ್ಲಿ 2053ರ ಶ್ರಾವಣ 1996ರಲ್ಲಿ ಬರುತ್ತದೆ. ಆದರೆ ಇವರ 2053 ಹುಟ್ಟಿದ್ದೇ 1996ರ ದೀಪಾವಳಿಯ ಮರುದಿನ. ಅದರೊಳಗಿನ ಶ್ರಾವಣ ಬಂದದ್ದು 1997ರ ಆಗಸ್ಟಿನಲ್ಲಿ. ನಾನು ಒಂದು ಇಡೀ ವರ್ಷ ತಪ್ಪಿ, ಬೇರೆ ಮಳೆಗಾಲದ ಮಳೆಯನ್ನು ತಂದು ಮೀರಾಬೇನಿನ ಗೆರೆಯ ಪಕ್ಕದಲ್ಲಿಟ್ಟು, ಅವರನ್ನು ಸುಳ್ಳುಗಾತಿ ಮಾಡಿದ್ದೇನೆ. ಅದೂ ಹನ್ನೊಂದು ಜನರ ಮುಂದೆ, ನನ್ನ ಮುಖ ಉಳಿಸಿಕೊಳ್ಳಲು.

ಕಾಮಾಕ್ಷಿ ಬಾಗಿಲಲ್ಲಿ ನಿಂತು, ನಿನ್ನ ತಪ್ಪು ಸಿಕ್ಕಿತಲ್ಲ, ಅಳುವುದು ಏಕೆ ಎಂದಳು. ಅಳುತ್ತಿದ್ದೆನೆಂದು ಆಗಲೇ ತಿಳಿದದ್ದು. ನಾಚಿಕೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸಂತೋಷವಿತ್ತು. ಇಂದು ಶನಿವಾರ, ನಾಳೆ ಭಾನುವಾರ, ತಾಲೂಕು ಕಚೇರಿ ತೆರೆಯುವುದು ಸೋಮವಾರ. ಸೈಟಿಗೆ ಆ ಎಂಟು ಪೈಪುಗಳು ಬರುವುದು ಹದಿನೆಂಟಕ್ಕೆ.

ಏಪ್ರಿಲ್ 11

ನೂರ ನಾಲ್ಕು! 1997ರ ಆ ಸಾತಮ್ ದಿನದ ಮಳೆ ನೂರ ನಾಲ್ಕು ಮಿಲಿಮೀಟರ್. ಹಿಂದಿನ ಐದು ದಿನವೂ ಬಿಡದೆ ಸುರಿದಿತ್ತು, ಎಂದರೆ ನೆಲ ನೆನೆದು ಬಾಯಿ ಮುಚ್ಚಿಕೊಂಡಿತ್ತು. ತಾಲೂಕು ಕಚೇರಿಯ ಬೆಂಚಿನ ಮೇಲೆಯೇ ಕುಳಿತು ಲೆಕ್ಕ ಹಾಕಿದೆ. ನೆಲಕ್ಕೆ ನೂರರೊಳಗೆ ಒಂದು ಅಂಕ ಕೊಡುವ ಪದ್ಧತಿ ಇದೆ, ಅಂಕ ಏರಿದಷ್ಟೂ ನೀರು ಹೆಚ್ಚು ಹರಿಯುತ್ತದೆ. ನೆನೆದ ಎರೆಮಣ್ಣಿಗೆ ಎಂಬತ್ತೆಂಟು ಕೊಟ್ಟೆ. ಹರಿಯುವ ನೀರು ಎಪ್ಪತ್ತೈದು ಮಿಲಿಮೀಟರ್ ಬಂತು. ಕೆಂಪು ಗೆರೆ ಹೇಳಿದ್ದು ಎಪ್ಪತ್ತಮೂರು. ಪಕ್ಕದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಕುಳಿತಿದ್ದ ಅಜ್ಜನಿಗೆ ಹಾಳೆ ತೋರಿಸಿದೆ. ಅವರು ಬಹಳ ಒಳ್ಳೆಯದು ಎಂದರು.

ಅಲ್ಲಿಂದ ನೇರ ಖೋಡಿಯಾರ್‌ಪುರಾ. ಮೀರಾಬೇನ್ ಕ್ಯಾನು ತೊಳೆಯುತ್ತಿದ್ದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಅವರ ಮುಂದೆ ಒಂದೂ ಉಳಿಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕ್ಯಾನನ್ನು ಕವುಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

“ನಾನು ಸುಳ್ಳು ಬರೆದೆ ಅಂದ್ಕೊಂಡಿದ್ದೆಯಾ, ಚಂಪಾಬೇನ್?”

“ಹೌದು. ಎಲ್ಲರ ಮುಂದೆ ಹಾಗೇ ಹೇಳಿದೆ.”

ಅವರು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು, ಅದರಿಂದ ಮಡಿಸಿದ ಕಾಗದ ತೆಗೆದರು. ಮೊಮ್ಮಗಳ ಜನನ ಪತ್ರ. ಕೆಳಗೆ ನೀರು ನಿಂತಿದ್ದಾಗ ಮಗಳನ್ನು ಮಂಡಳಿಯ ಅಟ್ಟಕ್ಕೆ ಹತ್ತಿಸಿದ್ದರಂತೆ, ಹೆರಿಗೆ ಅಲ್ಲೇ ಆಯಿತಂತೆ. ಇಸವಿ 1997, ತಿಂಗಳು ಆಗಸ್ಟ್, ಸರ್ಕಾರಿ ಮುದ್ರೆ. ನಿಮ್ಮ ಸಾಹೇಬರು ಸಂವತ್ ನಂಬದಿದ್ದರೆ ಇದನ್ನು ತೋರಿಸು ಎಂದು ಕೊಟ್ಟರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು, ಪೂರ್ತಿ ಕುಡಿಯುವವರೆಗೆ ಎದುರಿಗೇ ನಿಂತಿದ್ದರು.

ಏಪ್ರಿಲ್ 12

ವೈಷ್ಣವ್ ಸಾಹೇಬರ ಮೇಜಿನ ಮೇಲೆ ಮೂರು ಕಾಗದ ಇಟ್ಟೆ: ಮಳೆಯ ದಾಖಲೆ, ಜನನ ಪತ್ರ, ನನ್ನ ಲೆಕ್ಕ. ತಪ್ಪು ನನ್ನದು, ಗೆರೆ ಸರಿಯಾಗಿದೆ, ಎಂಟು ಪೈಪು ಸಾಲದು ಎಂದೆ. ನೂರ ನಾಲ್ಕು ಮಿಲಿಮೀಟರ್ ಇಲ್ಲಿ ಅಪರೂಪದ ಮಳೆಯೇ ಅಲ್ಲ. ಐವತ್ತು ವರ್ಷಕ್ಕೊಮ್ಮೆ ಬರುವ ಮಳೆಗೆ ಲೆಕ್ಕ ಹಾಕಿದರೆ ನೂರ ಮೂವತ್ತು ಘನ ಮೀಟರ್ ಬರುತ್ತದೆ. ಒಂದೊಂದು ಕಣ್ಣು, ಎಂದರೆ ನೀರಿನ ಬಾಯಿ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರವಿರುವ ಮೂರು ಕಣ್ಣಿನ ಕಾಂಕ್ರೀಟ್ ಮೋರಿ ಬೇಕು.

ಅವರು ಒಂದೊಂದು ಸಾಲನ್ನೂ ಪೆನ್ಸಿಲ್ ಹಿಡಿದು ನೋಡಿದರು. ಎರಡು ಕಡೆ ನಿಲ್ಲಿಸಿದರು, ಎರಡು ಕಡೆಯೂ ಉತ್ತರ ಕೊಟ್ಟೆ. ಮೂರನೆಯ ಕಡೆ ನನಗೆ ಗೊತ್ತಿಲ್ಲ ಎಂದೆ, ಅದನ್ನು ಅವರೇ ಬಿಡಿಸಿದರು. ಕೊನೆಗೆ ಕನ್ನಡಕ ತೆಗೆದಿಟ್ಟು, ಈ ಇಸವಿಯ ತಪ್ಪು ಇನ್ನೂ ಯಾರಿಗಾದರೂ ಗೊತ್ತೇ, ಗೊತ್ತಿಲ್ಲದಿದ್ದರೆ ಹೊಸ ಮಾಹಿತಿ ಸಿಕ್ಕಿತೆಂದು ಬರೆದು ಮುಗಿಸೋಣ ಎಂದರು.

ನಾನು ಬೆಳಿಗ್ಗೆಯೇ ಚಹಾದ ಹೊತ್ತಿಗೆ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಹೋಳಿಗೆಯ ಕಥೆ ಸಮೇತ. ಬಿದ್ದು ಬಿದ್ದು ನಕ್ಕಿದ್ದರು. ಎಷ್ಟು ಜನ ಎಂದು ಎಣಿಸುವುದು ಮರೆತೆ.

ಸಾಹೇಬರು ಎಂಟು ಪೈಪಿನ ಹಾಳೆಯ ಮೇಲೆ ತಮ್ಮ ಕೈಯಾರೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಶೇಠರನ್ನು ಒಪ್ಪಿಸುವುದು ನಿನ್ನ ಪಾಡು ಎಂದರು.

ಏಪ್ರಿಲ್ 15, ಅಹಮದಾಬಾದಿನಿಂದ ವಾಪಸು ಬರುವ ರೈಲಿನಲ್ಲಿ

ಗೆದ್ದೆವು.

ಶೇಠರ ಕೋಣೆಯಲ್ಲಿ ಎ.ಸಿ. ಎಷ್ಟಿತ್ತೆಂದರೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಅವರು ಹೆದರಿಕೆ ಎಂದುಕೊಂಡಿರಬೇಕು. ನಲವತ್ತೊಂದು ಮನೆಗಳ ಮಾತು ಹೇಳಿದೆ. ಪಾಪ ಎಂದರು, ಗಡಿಯಾರ ನೋಡಿಕೊಂಡರು. ಕೆಂಪು ಗೆರೆಯ ಮಾತು ಹೇಳಿದೆ. ಒಬ್ಬ ಹೆಂಗಸಿನ ಗೆರೆ ನೋಡಿ ಮೋರಿ ಕಟ್ಟಲಾಗುತ್ತದೆಯೇ ಎಂದು ತಮ್ಮ ಮ್ಯಾನೇಜರರ ಕಡೆ ತಿರುಗಿದರು. ಸಾಹೇಬರು ನನ್ನನ್ನು ನೋಡಿದರು. ಮೊದಲಾಗಿದ್ದರೆ ಅಲ್ಲಿಗೇ ಬಾಯಿ ಕಟ್ಟಿಹೋಗುತ್ತಿತ್ತು.

ನಕ್ಷೆಯನ್ನು ಅವರ ಕಡೆ ತಿರುಗಿಸಿ, ನೀಲಿ ಪೆನ್ಸಿಲಿನಿಂದ ನೀರು ನಿಲ್ಲುವ ಮಟ್ಟ ಬರೆಯುತ್ತಾ ಹೋದೆ. ಎಂಟು ಪೈಪು ಹಾಕಿದರೆ ಕೇರಿ ಮುಳುಗುತ್ತದೆ. ಮಳೆ ಇನ್ನೂ ಹೆಚ್ಚಾದರೆ ನೀರು ರಸ್ತೆ ಹತ್ತುತ್ತದೆ. ರಸ್ತೆ ಹತ್ತಿದ ನೀರು ಮಣ್ಣನ್ನು ಕೊರೆದುಕೊಂಡು ಒಮ್ಮೆಲೇ ಇಳಿಯುವುದು ಎಲ್ಲಿಗೆ? ಪೆನ್ಸಿಲ್ಲು ಗೋದಾಮಿನ ಅಂಗಳಕ್ಕೆ ಬಂದು ನಿಂತಿತು. ಶೇಠರು ಮುಂದಕ್ಕೆ ಬಾಗಿದರು. ಅವರ ಮೂಟೆಗಳು ನೆನೆಯುವುದು ಕಾಣಿಸಿದ ಮೇಲೆ ಮಾತು ಹತ್ತೇ ನಿಮಿಷದಲ್ಲಿ ಮುಗಿಯಿತು.

ಮನುಷ್ಯರಿಗಾಗಿ ಒಪ್ಪದವರು ಮೂಟೆಗಾಗಿ ಒಪ್ಪಿದರಲ್ಲ ಎಂದು ಹೊರಗೆ ಬಂದು ಹಲ್ಲು ಕಡಿದೆ. ಒಪ್ಪಿದರಲ್ಲ, ನೀರಿಗೆ ಕಾರಣ ಬೇಕಾಗಿಲ್ಲ, ಬಾಯಿ ಇದ್ದರೆ ಸಾಕು ಎಂದರು ಸಾಹೇಬರು. ಸ್ಟೇಷನ್ನಿನಲ್ಲಿ ನನಗೆ ದಾಲ್‌ವಡಾ ಕೊಡಿಸಿದರು. ಎರಡು ವರ್ಷದಲ್ಲಿ ಇದೇ ಮೊದಲು. ಮಳೆ ಹಿಡಿಯಲು ಇನ್ನು ಒಂಬತ್ತು ವಾರ.

ಮೇ 17

ಸೈಟಿನಲ್ಲೇ ದಿನಗಳು ಹೋಗುತ್ತಿವೆ, ಬರೆಯಲು ಪುರುಸೊತ್ತಿಲ್ಲ. ನಲವತ್ತಮೂರು ಡಿಗ್ರಿ ಬಿಸಿಲು. ಎರಡು ಕಣ್ಣಿನ ಗೋಡೆ ಎದ್ದಿದೆ, ಮೂರನೆಯದಕ್ಕೆ ಕಬ್ಬಿಣ ಕಟ್ಟುತ್ತಿದ್ದಾರೆ. ಮೋರಿಯ ಮುಂದೆ ಹಿಂದೆ ಮುಳ್ಳುಪೊದೆ ಕಡಿಸಿ ಕೋತರಿನ ಬಾಯಿ ಅಗಲ ಮಾಡಿಸಿದೆ; 1997ರಲ್ಲಿ ನೀರು ಸಿಕ್ಕಿಕೊಂಡು ಮನೆಗಳಿಗೆ ನುಗ್ಗಿದ್ದು ಅಲ್ಲೇ. ಮೇಸ್ತ್ರಿ ಕಾಂಕ್ರೀಟಿಗೆ ನೀರು ಹೆಚ್ಚು ಹಾಕುತ್ತಿದ್ದ. ಎರಡು ಸಲ ಹೇಳಿದೆ, ಮೂರನೆಯ ಸಲ ಇಡೀ ತೊಟ್ಟಿಯನ್ನು ಚೆಲ್ಲಿಸಿದೆ. ಈಗ ನಾನು ದೂರದಲ್ಲಿ ಬರುವುದು ಕಂಡರೇ ನೀರಿನ ಪೈಪು ಬಂದ್ ಆಗುತ್ತದೆ.

ಊಟ ಮೀರಾಬೇನಿನ ಮನೆಯಲ್ಲಿ. ಅವರ ದಾಲಿಗೆ ಬೆಲ್ಲ ಜಾಸ್ತಿ ಎಂದು ಇವತ್ತು ಮುಖಕ್ಕೇ ಹೇಳಿದೆ. ನಿಮ್ಮ ಊರಿನವರು ಖಾರ ತಿಂದು ತಿಂದು ಸಿಡುಕುತ್ತೀರಿ ಎಂದರು ಅವರು. ಜಗಳ ಚೆನ್ನಾಗಿ ಆಯಿತು.

ಜೂನ್ 16

ಮೊದಲ ಮಳೆ. ಮೋರಿ ಮುಗಿದು ನಾಲ್ಕು ದಿನ, ರಸ್ತೆಯ ಮಣ್ಣು ಏರಿಸಿಯಾಗಿದೆ. ಮೂವತ್ತೆಂಟು ಮಿಲಿಮೀಟರ್ ಬಿತ್ತು, ನಮ್ಮ ಕೋತರಿನಲ್ಲಿ ಒಂದು ಚೊಂಬು ನೀರೂ ಹರಿಯಲಿಲ್ಲ. ಬಿರುಕುಗಳು ಎಲ್ಲವನ್ನೂ ಕುಡಿದವು. ಮೇಸ್ತ್ರಿ ಖಾಲಿ ಮೋರಿಯೊಳಗೆ ಮಂಚ ಹಾಕಿ ಮಲಗಿ, ಮೇಡಂ ನಮಗೆ ಬಂಗಲೆ ಕಟ್ಟಿಸಿಕೊಟ್ಟರು ಎಂದು ಎಲ್ಲರಿಗೂ ಹೇಳುತ್ತಿದ್ದಾನೆ. ಮಲಗಲಿ. ಬಿರುಕುಗಳು ಮುಚ್ಚಲು ಇನ್ನು ಹತ್ತು ದಿನ ಮಳೆ ಬೇಕು ಎಂದು ಹೇಳಿ, ಮಂಚದ ಇನ್ನೊಂದು ತುದಿಯಲ್ಲಿ ಕುಳಿತು ಕಡಲೆಕಾಯಿ ತಿಂದೆ.

ಜೂನ್ 30

ಮೂರು ದಿನದಿಂದ ಹಗಲಿರುಳೂ ಸುರಿಯುತ್ತಿದೆ. ವಡೋದರಾ ಊರಿಗೆ ಊರೇ ನೀರಿನಲ್ಲಿದೆ, ರೈಲು ನಿಂತಿದೆ, ನಮ್ಮ ಬೀದಿಯಲ್ಲಿ ಮೊಣಕಾಲು ನೀರು. ತಾರಸಿಯ ಮೇಲಿನ ನನ್ನ ಮಳೆಮಾಪಕ ಬೆಳಿಗ್ಗೆ ಖಾಲಿ ಮಾಡಿದ್ದು ಮಧ್ಯಾಹ್ನಕ್ಕೇ ತುಂಬಿತ್ತು. ಖೋಡಿಯಾರ್‌ಪುರಾಕ್ಕೆ ಫೋನ್ ಹೋಗುತ್ತಿಲ್ಲ. ಅಲ್ಲಿಯೂ ಇಷ್ಟೇ ಬಿದ್ದಿದ್ದರೆ ಮೋರಿಯಲ್ಲಿ ಎರಡೂವರೆ ಮೀಟರ್ ನೀರು ಇರಬೇಕು. ಕೇರಿಯ ಎಲ್ಲಕ್ಕಿಂತ ಕೆಳಗಿನ ಮನೆಯ ನೆಲ ಇರುವುದು ಎರಡು ಪಾಯಿಂಟ್ ಆರರಲ್ಲಿ. ಹತ್ತು ಸೆಂಟಿಮೀಟರ್ ಉಳಿಯುತ್ತದೆ. ನೆಲಕ್ಕೆ ನಾನು ಕೊಟ್ಟ ಎಂಬತ್ತೆಂಟರ ಅಂಕ ನಿಜಕ್ಕೂ ತೊಂಬತ್ತೆರಡಾಗಿದ್ದರೆ ಅದೂ ಉಳಿಯುವುದಿಲ್ಲ.

ಕಾಮಾಕ್ಷಿ ಅನ್ನಕ್ಕೆ ಕರೆದಳು. ಎರಡು ಸಲ ಕೈ ತೊಳೆದುಕೊಂಡು ಬಂದು ಕುಳಿತೆ, ಊಟ ಸೇರಲಿಲ್ಲ. ಭಯವಾಗುತ್ತಿದೆ.

ಜುಲೈ 1

ಬೆಳಿಗ್ಗೆ ಹತ್ತೂಕಾಲಿಗೆ ಫೋನ್ ಬಂತು. ಸೈಟಿನ ಮೇಸ್ತ್ರಿಯ ಮೊಬೈಲು, ಮಾತಾಡಿದವರು ಮೀರಾಬೇನ್. ಗಾಳಿ, ಗದ್ದಲ, ಮೊದಲು ಏನೂ ಕೇಳಿಸಲಿಲ್ಲ.

“ಹೋಗ್ತಾ ಇದೆ, ಚಂಪಾಬೇನ್. ಮೂರೂ ಕಣ್ಣಲ್ಲಿ ಹೋಗ್ತಾ ಇದೆ. ಯಾರ ಮನೆಗೂ ಬಂದಿಲ್ಲ.”

ಕೇರಿಯವರೆಲ್ಲ ರಸ್ತೆಯ ಮೇಲೆ ನಿಂತು ನೋಡುತ್ತಿದ್ದಾರಂತೆ. ನೀನೂ ಕೇಳು ಎಂದು ಮೊಬೈಲನ್ನು ನೀರಿನ ಕಡೆ ಹಿಡಿದರು. ಕೇಳಿದೆ. ಭೋರ್ ಎಂದು ಒಂದೇ ಸಮನೆ ಹೋಗುವ ನೀರು, ಎಲ್ಲೂ ತಡೆದು ನಿಲ್ಲುವ ಸದ್ದಿಲ್ಲ. ಕಾಮಾಕ್ಷಿಯೂ ಕಿವಿಯಿಟ್ಟಳು. ಫೋನ್ ಕಡಿದುಹೋದ ಮೇಲೆ ಇಬ್ಬರೂ ಕೈ ಹಿಡಿದು ಕುಣಿದೆವು, ಕೆಳಗಿನಿಂದ ಶಾರದಾಬೇನ್ ಏನಾಯಿತು ಎಂದು ಕೂಗುವವರೆಗೆ ಕುಣಿದೆವು.

ಇಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ.

ಜುಲೈ 4

ದಾರಿ ಬಿಟ್ಟಿತು. ಕಂಪನಿಯ ಜೀಪಿನಲ್ಲಿ ಸಾಹೇಬರೂ ಬಂದರು. ಮೋರಿಯ ಗೋಡೆಯ ಮೇಲೆ ಕೆಸರಿನ ಗುರುತು ಸ್ಪಷ್ಟವಾಗಿತ್ತು. ಅಳೆದೆ. ಎರಡು ಪಾಯಿಂಟ್ ಎರಡು ಮೀಟರ್. ಕೆಳಗಿನ ಮನೆಯ ಎರಡನೆಯ ಮೆಟ್ಟಿಲಿಗೆ ನೀರು ಬಂದು, ನಿಂತು, ಇಳಿದಿದೆ. ಎರಡೂವರೆ ಎಂದಿದ್ದೆಯಲ್ಲ, ಮೂವತ್ತು ಸೆಂಟಿಮೀಟರ್ ತಪ್ಪಿದೆ ಎಂದರು ಸಾಹೇಬರು. ಹೌದು ಸರ್, ತಪ್ಪಿದೆ, ಹಳ್ಳದ ಮೇಲ್ಗಡೆ ಒಂದು ಕೆರೆ ಇದೆ, ಅದು ಸ್ವಲ್ಪ ನೀರು ತಡೆದಿರಬೇಕು, ಹೋಗಿ ನೋಡುತ್ತೇನೆ ಎಂದೆ.

ಆಮೇಲೆ ಅವರು ಮೋರಿಯ ಕಟ್ಟೆಯ ಮೇಲೆ ಕುಳಿತು ಒಂದು ಹಾಳೆ ತೆಗೆದು ಲೆಕ್ಕ ಶುರುಮಾಡಿದರು. ಏನು ಎಂದು ಕೇಳಿದರೆ ಹೇಳಲಿಲ್ಲ. ಅರ್ಧ ಗಂಟೆ ಆಯಿತು. ಎದ್ದು, ಲೆವೆಲ್ ಯಂತ್ರ ಹೂಡಿಸಿದರು. ಕೋಲು ಹಿಡಿದು ನನ್ನನ್ನು ಕೆಳಗಿನ ಮನೆಯೊಳಗೆ ಕಳಿಸಿ, ಬಾಗಿಲ ಮೂಲಕ ನೋಡುತ್ತ ಮೇಲೆ, ಇನ್ನೂ ಮೇಲೆ ಎಂದು ಕೈ ಮಾಡಿದರು. ಸಾಕು ಎಂದಲ್ಲಿ ಗೋಡೆಗೆ ಪೆನ್ಸಿಲಿನಿಂದ ಗುರುತು ಹಾಕಿದೆ. ನೆಲದಿಂದ ಒಂದೂವರೆ ಮೀಟರ್, ನನ್ನ ಗದ್ದದ ಹತ್ತಿರ. ಆಗ ಅರ್ಥವಾಯಿತು. ಎಂಟು ಪೈಪು ಹಾಕಿದ್ದರೆ ಜುಲೈ ಒಂದರ ಬೆಳಿಗ್ಗೆ ಈ ಮನೆಯಲ್ಲಿ ನೀರು ಇರುತ್ತಿದ್ದ ಮಟ್ಟ ಅದು.

ಗುರುತಿನ ಕೆಳಗೆ ಒಂದು ಮರದ ತೊಟ್ಟಿಲು. ಅದರಲ್ಲಿ ಮೂರು ತಿಂಗಳ ಕೂಸು ಬಾಯಿ ತೆರೆದು ಮಲಗಿತ್ತು. ಸಾಹೇಬರು ಒಳಗೆ ಬಂದು ಗುರುತನ್ನು ನೋಡಿದರು, ತೊಟ್ಟಿಲನ್ನು ನೋಡಿದರು, ಮತ್ತೆ ಗುರುತನ್ನು ನೋಡಿದರು. ನನಗೆ ಊರೆಲ್ಲ ಕೇಳುವಂತೆ ಕೂಗಬೇಕೆನಿಸುತ್ತಿತ್ತು, ಕೂಸು ಏಳುತ್ತದೆಂದು ಸುಮ್ಮನಿದ್ದೆ.

ಮನೆಯಾಕೆ ಪ್ರೇಮಾಬೇನ್ ಚಹಾ ತಂದಳು. ನಮ್ಮ ಗೋಡೆ ಯಾಕೆ ಅಳೆಯುತ್ತೀರಿ ಎಂದು ಕೇಳಿದಳು. ಸಾಹೇಬರು ಏನೋ ಹೇಳಲು ಹೋಗಿ, ಏನಿಲ್ಲ ತಂಗಿ, ಸುಮ್ಮನೆ ಎಂದರು. ಅವಳು ಪೆನ್ಸಿಲ್ ಗುರುತಿನ ಹತ್ತಿರ ಹೋಗಿ, ಕೈಯೆತ್ತಿ ಮುಟ್ಟಿ ನೋಡಿದಳು.

“ಗುರುತು ಹಾಕಿದ್ದೇ ಆಯ್ತಲ್ಲ, ಅಲ್ಲೊಂದು ಮೊಳೆ ಹೊಡೆದುಕೊಡಿ. ಮಗೂ ಬಟ್ಟೆ ಚೀಲ ತೂಗುಹಾಕೋಕೆ ಜಾಗ ಇಲ್ಲ.”

ಸಾಹೇಬರು ಅವಳು ಕೊಟ್ಟ ಮೊಳೆಯನ್ನು ಗುರುತಿನ ಮೇಲೆ ಹಿಡಿದುಕೊಂಡರು. ನಾನು ಅಂಗಳದಿಂದ ಒಂದು ಕಲ್ಲು ತಂದು ಮೆಲ್ಲಗೆ, ಕೂಸು ಏಳದ ಹಾಗೆ, ಐದಾರು ಏಟು ಹೊಡೆದೆ. ಪ್ರೇಮಾಬೇನ್ ಚೀಲ ತೂಗುಹಾಕಿ, ಸರಿಯಾದ ಎತ್ತರ ಎಂದಳು.